ಬಿಯಾಟ್ರಿಸ್ ಶಿಲ್ಲಿಂಗ್

ಬಿಯಾಟ್ರಿಸ್ ಶಿಲ್ಲಿಂಗ್ (ಮಾರ್ಚ್ 8, 1909 – ನವೆಂಬರ್ 18, 1990) ಬ್ರಿಟನ್ನಿನ ವೈಮಾನಿಕ ಎಂಜಿನಿಯರ್ ಹಾಗೂ ಮೋಟಾರ್‌ಸೈಕಲ್ ಮತ್ತು ಕಾರು ಓಟಗಾರ್ತಿ. ಆಪ್ತವಲಯದಲ್ಲಿ ಟಿಲ್ಲಿ ಎಂದು ಕರೆಯಲ್ಪಡುತ್ತಿದ್ದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿದ್ದ ಗಂಭೀರ ದೋಷವೊಂದಕ್ಕೆ ಸರಳ ಪರಿಹಾರವನ್ನು ರೂಪಿಸಿದ್ದಕ್ಕಾಗಿ ಪ್ರಸಿದ್ಧರಾಗಿದ್ದಾರೆ. ಸ್ಪಿಟ್‌ಫೈರ್ ಮತ್ತು ಹರಿಕೇನ್ ಯುದ್ಧವಿಮಾನಗಳು ಮೂತಿಯನ್ನು ಥಟ್ಟನೆ ಕೆಳಗಿಳಿಸಿ ಧುಮುಕಿದಾಗ ಅವುಗಳ ಎಂಜಿನ್ ಕೆಲಕಾಲ ಸ್ತಬ್ಧವಾಗುತ್ತಿತ್ತು. ಶಿಲ್ಲಿಂಗ್ ಅವರು ವಿನ್ಯಾಸಗೊಳಿಸಿದ, ನಡುವೆ ರಂಧ್ರವಿದ್ದ ಪುಟ್ಟ ಲೋಹದ ತುಂಡೊಂದು ಈ ತೊಂದರೆಯ ಅತ್ಯಂತ ಅಪಾಯಕಾರಿ ಭಾಗವನ್ನು ನಿವಾರಿಸಿತು. ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ಗಂಟೆಗೆ 100 ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಮೋಟಾರ್‌ಸೈಕಲ್ ಓಡಿಸಿ ಚಿನ್ನದ ನಕ್ಷತ್ರ ಪದಕ ಪಡೆದ ಮೂವರು ಮಹಿಳೆಯರಲ್ಲಿ ಅವರೂ ಒಬ್ಬರು.

ಬಾಲ್ಯ

ಶಿಲ್ಲಿಂಗ್ ಅವರು ಇಂಗ್ಲೆಂಡಿನ ಹ್ಯಾಂಪ್‌ಶೈರ್ ಪ್ರಾಂತ್ಯದ ವಾಟರ್‌ಲೂವಿಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಹೆನ್ರಿ ಶಿಲ್ಲಿಂಗ್ ಮಾಂಸದ ವ್ಯಾಪಾರಿಯಾಗಿದ್ದರು. ಮನೆಯಲ್ಲಿ ಯಂತ್ರಶಾಸ್ತ್ರದ ಪರಂಪರೆಯೇನೂ ಇರಲಿಲ್ಲ. ಆದರೂ ಚಿಕ್ಕ ವಯಸ್ಸಿನಿಂದಲೇ ಬಿಯಾಟ್ರಿಸ್ ಅವರ ಒಲವು ಉಪಕರಣಗಳ ಕಡೆಗಿತ್ತು. ಕೈಖರ್ಚಿಗೆ ದೊರೆತ ಹಣವನ್ನು ಚಾಕು, ಸ್ಪ್ಯಾನರ್, ಅಂಟು ಮೊದಲಾದವುಗಳಿಗೆ ವ್ಯಯಿಸುತ್ತಿದ್ದರು. ಲೋಹದ ಪಟ್ಟಿ ಮತ್ತು ಬೋಲ್ಟುಗಳಿಂದ ಮಾದರಿಗಳನ್ನು ಕಟ್ಟುವ ಮೆಕ್ಯಾನೊ ಆಟಿಕೆಯಲ್ಲಿ ಅವರಿಗೆ ವಿಶೇಷ ಆಸಕ್ತಿಯಿದ್ದು, ಅದರ ರಾಷ್ಟ್ರಮಟ್ಟದ ಸ್ಪರ್ಧೆಯೊಂದರಲ್ಲಿ ಬಹುಮಾನವನ್ನೂ ಪಡೆದಿದ್ದರು.

ಹದಿನಾಲ್ಕನೆಯ ವಯಸ್ಸಿನಲ್ಲಿ ಅವರು ರಾಯಲ್ ಎನ್‌ಫೀಲ್ಡ್ ಸಂಸ್ಥೆಯ ಎರಡು-ಸ್ಟ್ರೋಕಿನ ಮೋಟಾರ್‌ಸೈಕಲ್ ಒಂದನ್ನು ಕೊಂಡರು. ಅದನ್ನು ಓಡಿಸುವುದರ ಜೊತೆಗೆ ಬಿಚ್ಚಿ, ಸ್ವಚ್ಛಗೊಳಿಸಿ, ಮತ್ತೆ ಜೋಡಿಸುವುದನ್ನೂ ಕಲಿತರು. ಎಂಜಿನಿಯರ್ ಆಗಬೇಕೆಂಬ ನಿರ್ಧಾರ ಈ ವೇಳೆಗಾಗಲೇ ಅವರಲ್ಲಿ ರೂಪುಗೊಂಡಿತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಈ ವೃತ್ತಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಮೊದಲ ಮಹಾಯುದ್ಧದ ಸಮಯದಲ್ಲಿ ಕಾರ್ಖಾನೆಗಳಲ್ಲಿ ದುಡಿದಿದ್ದ ಮಹಿಳೆಯರು ಯುದ್ಧ ಮುಗಿದ ಬಳಿಕ ಮನೆಗೆ ಮರಳಬೇಕಾಗಿ ಬಂದಿತ್ತು. ಈ ಹಿನ್ನೆಲೆಯಲ್ಲಿಯೇ 1919ರಲ್ಲಿ ಮಹಿಳಾ ಎಂಜಿನಿಯರಿಂಗ್ ಸಂಘ ಸ್ಥಾಪನೆಯಾಗಿತ್ತು.

ತರಬೇತಿ ಮತ್ತು ಶಿಕ್ಷಣ

ಶಾಲಾ ಶಿಕ್ಷಣದ ನಂತರ ಶಿಲ್ಲಿಂಗ್ ಅವರು ಮಾರ್ಗರೆಟ್ ಪಾರ್ಟ್ರಿಜ್ ಅವರ ವಿದ್ಯುತ್ ಸಂಸ್ಥೆಯಲ್ಲಿ ತರಬೇತಿಗೆ ಸೇರಿದರು. ಪಾರ್ಟ್ರಿಜ್ ಮಹಿಳಾ ಎಂಜಿನಿಯರಿಂಗ್ ಸಂಘದ ಸಕ್ರಿಯ ಸದಸ್ಯೆಯಾಗಿದ್ದು, ಗ್ರಾಮೀಣ ಪ್ರದೇಶಗಳಿಗೆ ವಿದ್ಯುತ್ ಒದಗಿಸುವ ಉದ್ಯಮವನ್ನು ನಡೆಸುತ್ತಿದ್ದರು. ಕೆಲಸ ಕಲಿಯಬಯಸುವ ಯುವತಿಯರನ್ನು ಅವರು ಉದ್ದೇಶಪೂರ್ವಕವಾಗಿಯೇ ಸೇರಿಸಿಕೊಳ್ಳುತ್ತಿದ್ದರು. ಮನೆಗಳಿಗೆ ವೈರಿಂಗ್ ಮಾಡುವುದು, ಜನರೇಟರುಗಳನ್ನು ಅಳವಡಿಸುವುದು ಮೊದಲಾದ ಕೆಲಸಗಳನ್ನು ಶಿಲ್ಲಿಂಗ್ ಅವರು ಇಲ್ಲಿ ಕೈಯಾರೆ ಮಾಡಿ ಕಲಿತರು.

ಅವರ ಸಾಮರ್ಥ್ಯವನ್ನು ಗಮನಿಸಿದ ಪಾರ್ಟ್ರಿಜ್ ವಿಶ್ವವಿದ್ಯಾಲಯಕ್ಕೆ ಸೇರುವಂತೆ ಪ್ರೋತ್ಸಾಹಿಸಿದರು. ಅದರಂತೆ ಶಿಲ್ಲಿಂಗ್ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನು ಸೇರಿ 1932ರಲ್ಲಿ ಪದವಿ ಪಡೆದರು. ಮತ್ತೊಂದು ವರ್ಷ ಅಲ್ಲಿಯೇ ಉಳಿದು ಯಂತ್ರಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪೂರೈಸಿದರು. ವಿದ್ಯುತ್ತಿನಿಂದ ಯಂತ್ರಶಾಸ್ತ್ರಕ್ಕೆ ಹೊರಳಿದ ಈ ನಿರ್ಧಾರವು ಅವರ ಮುಂದಿನ ಜೀವನವನ್ನು ರೂಪಿಸಿತು.

ವಿಶ್ವದಾದ್ಯಂತ ಆರ್ಥಿಕ ಕುಸಿತವಿದ್ದ ಆ ವರ್ಷಗಳಲ್ಲಿ ಎಂಜಿನಿಯರಿಂಗ್ ಉದ್ಯೋಗಗಳು ಪುರುಷರಿಗೂ ದುರ್ಲಭವಾಗಿದ್ದವು. ಶಿಲ್ಲಿಂಗ್ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಮಕ್ಲೋ ಅವರ ಬಳಿ ಸಂಶೋಧನಾ ಸಹಾಯಕರಾಗಿ ಸೇರಿದರು. ಅಲ್ಲಿನ ಕೆಲಸ ಸೂಪರ್‌ಚಾರ್ಜರ್ ಅಳವಡಿಸಿದ ಒಂಟಿ ಸಿಲಿಂಡರ್ ಎಂಜಿನ್ನುಗಳಿಗೆ ಸಂಬಂಧಿಸಿತ್ತು. ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಿದಾಗ ಎಂಜಿನ್ ಹೇಗೆ ವರ್ತಿಸುತ್ತದೆ ಎಂಬುದರ ಅಧ್ಯಯನವು ಮುಂದೆ ವಿಮಾನದ ಎಂಜಿನ್ನುಗಳ ವಿಷಯದಲ್ಲಿ ಅವರಿಗೆ ನೇರವಾಗಿ ಉಪಯುಕ್ತವಾಯಿತು.

ಬ್ರೂಕ್‌ಲ್ಯಾಂಡ್ಸ್ ಓಟಗಳು

ಸರ್ರೆ ಪ್ರಾಂತ್ಯದ ವೇಬ್ರಿಜ್ ಬಳಿಯ ಬ್ರೂಕ್‌ಲ್ಯಾಂಡ್ಸ್ 1907ರಲ್ಲಿ ಆರಂಭವಾದ ಓಟದ ಪಥ. ಸುಮಾರು 4.4 ಕಿ.ಮೀ. ಉದ್ದದ ಈ ಕಾಂಕ್ರೀಟ್ ಪಥದ ತಿರುವುಗಳು ಹೊರಬದಿಗೆ ಎತ್ತರವಾಗಿ ಏರಿದ್ದವು. 1930ರ ದಶಕದ ವೇಳೆಗೆ ಕಾಂಕ್ರೀಟ್ ಸಾಕಷ್ಟು ಉಬ್ಬುತಗ್ಗಾಗಿತ್ತು. ವೇಗವಾಗಿ ಸಾಗುವ ಮೋಟಾರ್‌ಸೈಕಲ್ಲುಗಳು ಕೆಲವೆಡೆ ನೆಲಬಿಟ್ಟು ಮೇಲೆದ್ದು ಬೀಳುತ್ತಿದ್ದವು.

ಶಿಲ್ಲಿಂಗ್ ಅವರು ಇಲ್ಲಿ ನಾರ್ಟನ್ ಕಂಪನಿಯ 500 ಸಿ.ಸಿ. ಸಾಮರ್ಥ್ಯದ ಮೋಟಾರ್‌ಸೈಕಲ್ಲಿನಲ್ಲಿ ಸ್ಪರ್ಧಿಸುತ್ತಿದ್ದರು. ವಾಹನವನ್ನು ಸಿದ್ಧಪಡಿಸುವ ಕೆಲಸವನ್ನು ಅವರೇ ಮಾಡುತ್ತಿದ್ದರು. ಓಟದ ವೇಳೆ ಗಂಟೆಗೆ 100 ಮೈಲಿಗಿಂತ ಹೆಚ್ಚಿನ ಸರಾಸರಿ ವೇಗದಲ್ಲಿ ಒಂದು ಸುತ್ತನ್ನು ಪೂರೈಸಿದವರಿಗೆ ಬ್ರಿಟಿಷ್ ಮೋಟಾರ್‌ಸೈಕಲ್ ರೇಸಿಂಗ್ ಕ್ಲಬ್ ಚಿನ್ನದ ನಕ್ಷತ್ರ ಪದಕ ನೀಡುತ್ತಿತ್ತು. 1934ರಲ್ಲಿ ಶಿಲ್ಲಿಂಗ್ ಅವರು ಗಂಟೆಗೆ 106 ಮೈಲಿ (ಸುಮಾರು 171 ಕಿ.ಮೀ.) ವೇಗದ ಸುತ್ತನ್ನು ಪೂರೈಸಿ ಈ ಗೌರವಕ್ಕೆ ಪಾತ್ರರಾದರು. ಇದನ್ನು ಪಡೆದ ಇನ್ನಿಬ್ಬರು ಮಹಿಳೆಯರೆಂದರೆ ಫ್ಲಾರೆನ್ಸ್ ಬ್ಲೆಂಕಿರನ್ ಮತ್ತು ಥೆರೆಸಾ ವಾಲಕ್.

ನುರಿತ ವೃತ್ತಿಪರ ಸವಾರರನ್ನೂ ಶಿಲ್ಲಿಂಗ್ ಅವರು ಹಲವು ಓಟಗಳಲ್ಲಿ ಹಿಂದಿಕ್ಕಿದರು. ಮುಂದೆ ತಮ್ಮ ನಾರ್ಟನ್‌ಗೆ ಸೂಪರ್‌ಚಾರ್ಜರ್ ಅನ್ನೂ ಅಳವಡಿಸಿಕೊಂಡರು. ಬರ್ಮಿಂಗ್‌ಹ್ಯಾಮಿನ ಪ್ರಯೋಗಾಲಯದಲ್ಲಿ ಕಲಿತ ವಿದ್ಯೆ ಹೀಗೆ ಓಟದ ಪಥದ ಮೇಲೂ ಬಳಕೆಗೆ ಬಂದಿತು. 1939ರಲ್ಲಿ ಯುದ್ಧ ಆರಂಭವಾದಾಗ ಬ್ರೂಕ್‌ಲ್ಯಾಂಡ್ಸ್ ಓಟಗಳು ನಿಂತವು. ಆ ಪಥದಲ್ಲಿ ಮತ್ತೆ ಸ್ಪರ್ಧೆಗಳು ನಡೆಯಲಿಲ್ಲ.

ಫಾರ್ನ್‌ಬರೋದಲ್ಲಿ ಸೇವೆ

1936ರಲ್ಲಿ ಶಿಲ್ಲಿಂಗ್ ಅವರು ಫಾರ್ನ್‌ಬರೋದಲ್ಲಿದ್ದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸರ್ಕಾರಿ ವೈಮಾನಿಕ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಆರಂಭದಲ್ಲಿ ಅವರಿಗೆ ದೊರೆತದ್ದು ತಾಂತ್ರಿಕ ಕೈಪಿಡಿಗಳನ್ನು ಬರೆಯುವ ಕೆಲಸ. ಬ್ರಿಸ್ಟಲ್ ಪೆಗಾಸಸ್ ಎಂಜಿನ್ನಿನ ನಿರ್ವಹಣೆಯ ಕುರಿತ ಬರವಣಿಗೆ ಅದರಲ್ಲಿ ಸೇರಿತ್ತು. ಮೇಜಿನ ಮುಂದೆ ಕುಳಿತು ಬರೆಯುವ ಈ ಕೆಲಸ ಅವರಿಗೆ ಒಗ್ಗಲಿಲ್ಲ. ಕೆಲಕಾಲದ ನಂತರ ಎಂಜಿನ್ ವಿಭಾಗಕ್ಕೆ ವರ್ಗಾವಣೆಗೊಂಡು ಕಾರ್ಬ್ಯುರೇಟರುಗಳ ಅಧ್ಯಯನದಲ್ಲಿ ತೊಡಗಿದರು. ಯುದ್ಧ ಆರಂಭವಾಗುವ ವೇಳೆಗೆ ಈ ವಿಷಯದಲ್ಲಿ ಸಂಸ್ಥೆಯ ಪ್ರಮುಖ ತಜ್ಞರಲ್ಲಿ ಒಬ್ಬರಾಗಿದ್ದರು.

ಮರ್ಲಿನ್ ಎಂಜಿನ್ನಿನ ಸಮಸ್ಯೆ

ಹಿನ್ನೆಲೆ

ಪೆಟ್ರೋಲ್ ಎಂಜಿನ್ನಿಗೆ ಬೇಕಾದ ಗಾಳಿ ಮತ್ತು ಇಂಧನವನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸುವ ಸಾಧನವೇ ಕಾರ್ಬ್ಯುರೇಟರ್. ಗಾಳಿಯು ಅದರ ಕಿರಿದಾದ ಕಂಠದ ಮೂಲಕ ಹಾಯುವಾಗ ವೇಗ ಹೆಚ್ಚಿ ಒತ್ತಡ ಕುಗ್ಗುತ್ತದೆ. ಈ ಒತ್ತಡದ ಇಳಿಕೆಯಿಂದಾಗಿ ಸೂಕ್ಷ್ಮ ರಂಧ್ರವಿರುವ ಜೆಟ್ಟಿನಿಂದ ಪೆಟ್ರೋಲ್ ಹೊರಬಂದು ಗಾಳಿಯೊಡನೆ ಬೆರೆಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕು. ಇಂಧನ ತೀರಾ ಕಡಿಮೆಯಾದರೂ ತೀರಾ ಹೆಚ್ಚಾದರೂ ಮಿಶ್ರಣ ಹೊತ್ತಿಕೊಳ್ಳುವುದಿಲ್ಲ.

ಜೆಟ್ಟಿಗೆ ಇಂಧನವನ್ನು ಸಮಮಟ್ಟದಲ್ಲಿ ಒದಗಿಸಲು ಫ್ಲೋಟ್ ಚೇಂಬರ್ ಎಂಬ ಸಣ್ಣ ಕೋಣೆಯಿರುತ್ತದೆ. ಅದರಲ್ಲಿ ತೇಲುವ ಫ್ಲೋಟ್, ಇಂಧನದ ಮಟ್ಟ ಏರಿದಾಗ ಮೇಲೆದ್ದು ನೀಡಲ್ ವಾಲ್ವನ್ನು ಮುಚ್ಚುತ್ತದೆ; ಮಟ್ಟ ಇಳಿದಾಗ ಕೆಳಗಿಳಿದು ಅದನ್ನು ತೆರೆಯುತ್ತದೆ. ಇಡೀ ವ್ಯವಸ್ಥೆ ಗುರುತ್ವಾಕರ್ಷಣೆಯನ್ನು ಅವಲಂಬಿಸಿದೆ.

ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದ ಮರ್ಲಿನ್, ಹನ್ನೆರಡು ಸಿಲಿಂಡರುಗಳ ಸೂಪರ್‌ಚಾರ್ಜ್ಡ್ ಎಂಜಿನ್. ಅದಕ್ಕೆ ಎಸ್‌ಯು ಕಂಪನಿಯ ಫ್ಲೋಟ್ ಮಾದರಿಯ ಕಾರ್ಬ್ಯುರೇಟರನ್ನು ಅಳವಡಿಸಲಾಗಿತ್ತು. ಈ ಆಯ್ಕೆಗೆ ಸಕಾರಣವಿತ್ತು. ಸೂಪರ್‌ಚಾರ್ಜರಿಗೆ ಮುಂಚೆಯೇ ಬೆರೆತ ಪೆಟ್ರೋಲ್ ಆವಿಯಾಗುವಾಗ ಗಾಳಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ತಂಪಾದ ಗಾಳಿ ಹೆಚ್ಚು ಸಾಂದ್ರವಾಗಿರುವುದರಿಂದ ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ. ಜರ್ಮನಿಯ ಮೆಸ್ಸರ್ಶ್‌ಮಿಟ್ 109 ವಿಮಾನದ ಡೈಮ್ಲರ್-ಬೆಂಜ್ ಎಂಜಿನ್ನಿನಲ್ಲಾದರೋ ಪೆಟ್ರೋಲನ್ನು ಪಂಪಿನ ಮೂಲಕ ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ವ್ಯವಸ್ಥೆಯಿತ್ತು.

1940ರ ವಾಯುಯುದ್ಧಗಳಲ್ಲಿ ಈ ವ್ಯತ್ಯಾಸ ಪ್ರಾಣಾಂತಿಕವಾಗಿ ಪರಿಣಮಿಸಿತು. ಬೆನ್ನಟ್ಟಿ ಬಂದ ಬ್ರಿಟಿಷ್ ವಿಮಾನದಿಂದ ತಪ್ಪಿಸಿಕೊಳ್ಳಲು ಜರ್ಮನ್ ಪೈಲಟ್ ತನ್ನ ವಿಮಾನದ ಮೂತಿಯನ್ನು ನೇರವಾಗಿ ಕೆಳಕ್ಕೆ ತಳ್ಳಿ ಧುಮುಕಿದರೆ ಸಾಕಾಗಿತ್ತು. ಅದನ್ನೇ ಅನುಸರಿಸಿದ ಸ್ಪಿಟ್‌ಫೈರಿನ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಅದು ಮತ್ತೆ ಚಾಲನೆಗೊಳ್ಳುವಷ್ಟರಲ್ಲಿ ಶತ್ರು ದೂರ ಸಾಗಿರುತ್ತಿದ್ದ. ಬ್ರಿಟಿಷ್ ಪೈಲಟ್ ತಾನೇ ಬೇಟೆಯಾಗಿದ್ದ ಸಂದರ್ಭದಲ್ಲಿ ಅಪಾಯ ಇನ್ನೂ ಹೆಚ್ಚಾಗಿತ್ತು. ಇದನ್ನು ತಪ್ಪಿಸಲು ಪೈಲಟ್‌ಗಳು ಮೊದಲು ವಿಮಾನವನ್ನು ಬೆನ್ನಡಿಯಾಗಿ ಉರುಳಿಸಿ, ಬಳಿಕ ಮೂತಿಯನ್ನು ನೆಲದತ್ತ ಎಳೆದುಕೊಂಡು ಧುಮುಕುತ್ತಿದ್ದರು. ಹೀಗೆ ಮಾಡಿದಾಗ ಇಂಧನ ಚೇಂಬರಿನ ತಳದಲ್ಲಿಯೇ ಉಳಿಯುತ್ತಿತ್ತಾದರೂ ಅಮೂಲ್ಯವಾದ ಕ್ಷಣಗಳು ವ್ಯರ್ಥವಾಗುತ್ತಿದ್ದವು.

ದೋಷದ ವಿಶ್ಲೇಷಣೆ

ಮೂತಿ ಥಟ್ಟನೆ ಕೆಳಗಿಳಿದಾಗ ವಿಮಾನದೊಳಗಿನ ಪ್ರತಿಯೊಂದು ವಸ್ತುವೂ ಮೇಲಕ್ಕೆ ಎಸೆಯಲ್ಪಟ್ಟಂತೆ ವರ್ತಿಸುತ್ತದೆ. ಪೈಲಟ್ ತನ್ನ ಆಸನದ ಪಟ್ಟಿಗಳಿಗೆ ಒತ್ತಿಕೊಳ್ಳುತ್ತಾನೆ. ಚೇಂಬರಿನಲ್ಲಿರುವ ಪೆಟ್ರೋಲ್ ಕೂಡ ಮೇಲ್ಛಾವಣಿಗೆ ಅಪ್ಪಳಿಸುತ್ತದೆ. ಇದನ್ನು ಋಣ ಗುರುತ್ವದ ಸ್ಥಿತಿ ಎನ್ನುತ್ತಾರೆ. ಎಂಜಿನ್ ನಿಲ್ಲುವುದಕ್ಕೆ ಇಂಧನದ ಕೊರತೆಯೇ ಕಾರಣವೆಂದು ಮೇಲ್ನೋಟಕ್ಕೆ ತೋರಿದರೂ ಪರಿಶೀಲನೆಯಿಂದ ತಿಳಿದುಬಂದದ್ದು ಬೇರೆಯೇ ಆಗಿತ್ತು. ಒಂದರ ಹಿಂದೊಂದು ಸಂಭವಿಸುವ, ಪರಸ್ಪರ ವಿರುದ್ಧ ಸ್ವರೂಪದ ಎರಡು ಘಟನೆಗಳು ಅಲ್ಲಿದ್ದವು.

ಮೊದಲ ಹಂತದಲ್ಲಿ ಪೆಟ್ರೋಲ್ ಚೇಂಬರಿನ ಮೇಲ್ಭಾಗಕ್ಕೆ ಸರಿಯುವುದರಿಂದ ತಳದಲ್ಲಿರುವ ಜೆಟ್ಟುಗಳು ಬರಿದಾಗುತ್ತವೆ. ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ. ಈ ತಡವರಿಕೆ ಅಲ್ಪಕಾಲದ್ದು.

ಎರಡನೆಯ ಹಂತ ಹೆಚ್ಚು ಗಂಭೀರವಾದುದು. ಇಂಧನ ಮೇಲಕ್ಕೆ ಸರಿದಾಗ ಅದರಲ್ಲಿ ತೇಲುವ ಫ್ಲೋಟ್ ವಿರುದ್ಧ ದಿಕ್ಕಿಗೆ, ಅಂದರೆ ಚೇಂಬರಿನ ತಳಕ್ಕೆ ಚಲಿಸುತ್ತದೆ. ಚೇಂಬರ್ ಬರಿದಾಗಿದೆ ಎಂದೇ ಇದರ ಅರ್ಥವಾಗಿ ನೀಡಲ್ ವಾಲ್ವ್ ಪೂರ್ಣವಾಗಿ ತೆರೆದುಕೊಳ್ಳುತ್ತದೆ. ಎಂಜಿನ್ನಿನ ಅಗತ್ಯಕ್ಕಿಂತ ಬಹಳ ಹೆಚ್ಚು ಇಂಧನವನ್ನು ತಳ್ಳಬಲ್ಲ ಪಂಪು ಪೂರ್ಣ ಒತ್ತಡದಲ್ಲಿ ಪೆಟ್ರೋಲನ್ನು ಒಳನುಗ್ಗಿಸುತ್ತದೆ. ಚೇಂಬರ್ ತುಂಬಿ ಹರಿದು, ಹಸಿ ಪೆಟ್ರೋಲ್ ಸೂಪರ್‌ಚಾರ್ಜರಿನೊಳಕ್ಕೆ ಹೋಗುತ್ತದೆ. ಈಗ ಮಿಶ್ರಣದಲ್ಲಿ ಇಂಧನ ಮಿತಿಮೀರಿರುವುದರಿಂದ ಎಂಜಿನ್ ಕಪ್ಪು ಹೊಗೆಯುಗುಳುತ್ತ ನಿಲ್ಲುತ್ತದೆ. ಹೆಚ್ಚುವರಿ ಪೆಟ್ರೋಲ್ ಹೊರಹೋಗುವವರೆಗೆ ಅದು ಚೇತರಿಸಿಕೊಳ್ಳುವುದಿಲ್ಲ.

ಹೀಗೆ, ಪೈಲಟ್‌ಗೆ ಒಂದೇ ದೋಷವಾಗಿ ಅನುಭವಕ್ಕೆ ಬರುತ್ತಿದ್ದುದು ವಾಸ್ತವವಾಗಿ ಕೊರತೆ ಮತ್ತು ಅತಿರೇಕ ಎರಡರ ಸರಣಿಯಾಗಿತ್ತು. ಕೊರತೆಯನ್ನು ಮಾತ್ರ ಗಮನಿಸಿ ಇಂಧನದ ಹರಿವನ್ನು ಹೆಚ್ಚಿಸಿದ್ದರೆ ಎರಡನೆಯ ಹಂತ ಇನ್ನಷ್ಟು ತೀವ್ರವಾಗುತ್ತಿತ್ತು. ವಿಮಾನವನ್ನು ಉರುಳಿಸುವ ದೋಷ ಯಾವುದು, ಸಹಿಸಬಹುದಾದ ದೋಷ ಯಾವುದು ಎಂಬ ವಿಂಗಡಣೆಯೇ ಪರಿಹಾರಕ್ಕೆ ದಾರಿಮಾಡಿತು.

ಪರಿಹಾರ

ಕಾರ್ಬ್ಯುರೇಟರನ್ನು ಸಂಪೂರ್ಣವಾಗಿ ಹೊಸದಾಗಿ ವಿನ್ಯಾಸಗೊಳಿಸುವುದು ಸರಿಯಾದ ಮಾರ್ಗವಾಗಿದ್ದರೂ ಅದಕ್ಕೆ ಬಹಳ ಸಮಯ ಬೇಕಾಗಿತ್ತು. ಯುದ್ಧದ ನಡುವೆ ನೂರಾರು ವಿಮಾನಗಳನ್ನು ಸೇವೆಯಿಂದ ಹಿಂತೆಗೆದು ದುರಸ್ತಿಗೆ ಕಳುಹಿಸುವುದೂ ಸಾಧ್ಯವಿರಲಿಲ್ಲ. ಶಿಲ್ಲಿಂಗ್ ಅವರು ಎರಡನೆಯ ಹಂತವನ್ನು ಮಾತ್ರ ತಡೆಯುವ ಸಾಧನವೊಂದನ್ನು ಯೋಜಿಸಿದರು. ಇಂಧನವು ಕಾರ್ಬ್ಯುರೇಟರಿಗೆ ಬರುವ ಕೊಳವೆಯಲ್ಲಿ ಕರಾರುವಾಕ್ಕಾದ ಅಳತೆಯ ರಂಧ್ರವಿರುವ ಹಿತ್ತಾಳೆಯ ತುಂಡೊಂದನ್ನು ಇರಿಸುವುದೇ ಆ ಯೋಜನೆ.

ಈ ರಂಧ್ರದ ಅಳತೆಯಲ್ಲಿಯೇ ಅದರ ಗುಟ್ಟು ಅಡಗಿತ್ತು. ಎಂಜಿನ್ ಪೂರ್ಣ ಶಕ್ತಿಯಲ್ಲಿ ನಡೆಯುವಾಗ ಎಷ್ಟು ಇಂಧನ ಬೇಕೋ ಅಷ್ಟು ಮಾತ್ರ ಅದರ ಮೂಲಕ ಹಾಯಬಲ್ಲದಾಗಿತ್ತು. ರಂಧ್ರ ಚಿಕ್ಕದಾದರೆ ಮೇಲೇರುವಾಗ ಎಂಜಿನ್ನಿಗೆ ಇಂಧನ ಸಾಲದೆ ಶಕ್ತಿ ಕುಗ್ಗುತ್ತದೆ. ದೊಡ್ಡದಾದರೆ ಚೇಂಬರ್ ತುಂಬಿ ಹರಿಯುವುದು ತಪ್ಪುವುದಿಲ್ಲ. ಸರಿಯಾದ ಅಳತೆಯಿದ್ದಾಗ ನೀಡಲ್ ವಾಲ್ವ್ ಪೂರ್ಣವಾಗಿ ತೆರೆದಿದ್ದರೂ ಎಂಜಿನ್ನಿನ ಗರಿಷ್ಠ ಅಗತ್ಯವನ್ನು ಮೀರಿದ ಪೆಟ್ರೋಲ್ ಒಳಬರುವಂತಿರಲಿಲ್ಲ. ಎಂಜಿನ್ನಿನ ಗರಿಷ್ಠ ಬೂಸ್ಟ್ ಒತ್ತಡಕ್ಕೆ ಅನುಗುಣವಾಗಿ ಇದರ ಎರಡು ಅಳತೆಗಳನ್ನು ಸಿದ್ಧಪಡಿಸಲಾಯಿತು. ಮೊದಲು ಬೆರಳಿಗೆ ತೊಡುವ ಅಂಗುಸ್ತಾನದ ಆಕಾರದಲ್ಲಿದ್ದ ಸಾಧನವನ್ನು ಮುಂದೆ ಚಪ್ಪಟೆ ವಾಷರಿನ ರೂಪಕ್ಕೆ ಸರಳಗೊಳಿಸಲಾಯಿತು.

ವಿಮಾನವನ್ನು ಸೇವೆಯಿಂದ ಹೊರಗಿಡದೆ, ವಾಯುನೆಲೆಯಲ್ಲಿಯೇ ಇದನ್ನು ಅಳವಡಿಸಬಹುದಾಗಿತ್ತು. ಶಿಲ್ಲಿಂಗ್ ಅವರು ಸಣ್ಣ ತಂಡವೊಂದರೊಡನೆ ವಾಯುನೆಲೆಯಿಂದ ವಾಯುನೆಲೆಗೆ ತೆರಳಿ ಅಳವಡಿಕೆಯ ಮೇಲ್ವಿಚಾರಣೆ ನಡೆಸಿದರು. ತಾವು ಓಟಗಳಲ್ಲಿ ಬಳಸುತ್ತಿದ್ದ ನಾರ್ಟನ್ ಮೋಟಾರ್‌ಸೈಕಲ್ಲಿನಲ್ಲಿಯೇ ಈ ಪ್ರವಾಸಗಳನ್ನು ಕೈಗೊಂಡರೆಂದು ಹೇಳಲಾಗುತ್ತದೆ. 1941ರ ಮಾರ್ಚ್ ವೇಳೆಗೆ ಬ್ರಿಟಿಷ್ ವಾಯುಪಡೆಯ ಫೈಟರ್ ಕಮಾಂಡಿನ ವಿಮಾನಗಳಿಗೆಲ್ಲ ಇದು ಅಳವಡಿಕೆಯಾಗಿತ್ತು.

ಅಧಿಕೃತವಾಗಿ ಇದಕ್ಕೆ ಆರ್‌ಎಇ ರಿಸ್ಟ್ರಿಕ್ಟರ್ ಎಂಬ ಹೆಸರಿತ್ತು. ಆದರೆ ವಾಯುನೆಲೆಗಳಲ್ಲಿ ಅದು ಮಿಸ್ ಶಿಲ್ಲಿಂಗ್ಸ್ ಆರಿಫೈಸ್, ಅಂದರೆ ಕುಮಾರಿ ಶಿಲ್ಲಿಂಗ್ ಅವರ ರಂಧ್ರ, ಎಂಬ ತುಸು ಪೋಲಿಯಾದ ಅಡ್ಡಹೆಸರಿನಿಂದಲೇ ಪ್ರಚಲಿತವಾಯಿತು. ಆ ವೇಳೆಗೆ ಅವರಿಗೆ ವಿವಾಹವಾಗಿತ್ತಾದರೂ ವೃತ್ತಿಯಲ್ಲಿ ಹಳೆಯ ಹೆಸರಿನಿಂದಲೇ ಪರಿಚಿತರಾಗಿದ್ದರು.

ಪರಿಣಾಮ ಮತ್ತು ಮಿತಿಗಳು

ಈ ಸಾಧನದಿಂದಾಗಿ ಪೈಲಟ್‌ಗಳು ಎಂಜಿನ್ ನಿಂತುಹೋಗುವ ಭಯವಿಲ್ಲದೆ ಶತ್ರುವಿನ ಹಿಂದೆ ಧುಮುಕಬಹುದಾಯಿತು. ಇದು ಬ್ರಿಟನ್ ಕದನವನ್ನು ಗೆಲ್ಲಿಸಿಕೊಟ್ಟಿತೆಂಬ ಜನಪ್ರಿಯ ಹೇಳಿಕೆ ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಆ ಕದನ 1940ರ ಜುಲೈನಿಂದ ಅಕ್ಟೋಬರ್‌ವರೆಗೆ ನಡೆಯಿತು. ಸಾಧನದ ವ್ಯಾಪಕ ಅಳವಡಿಕೆ ಪೂರ್ಣಗೊಂಡದ್ದು ಅದರ ನಂತರ. ಮುಂದಿನ ವರ್ಷಗಳ ವಾಯುಯುದ್ಧಗಳಲ್ಲಿ ಅದರ ಪ್ರಯೋಜನ ಪೂರ್ಣವಾಗಿ ದೊರೆಯಿತು.

ಸಮಸ್ಯೆಯನ್ನು ಅದು ಬೇರುಸಹಿತ ನಿವಾರಿಸಲಿಲ್ಲ. ಮೊದಲ ಹಂತದ ಕ್ಷಣಿಕ ತಡವರಿಕೆ ಹಾಗೆಯೇ ಉಳಿಯಿತು. ವಿಮಾನವನ್ನು ದೀರ್ಘಕಾಲ ತಲೆಕೆಳಗಾಗಿ ಹಾರಿಸುವುದೂ ಸಾಧ್ಯವಾಗಲಿಲ್ಲ. 1943ರ ಹೊತ್ತಿಗೆ ಫ್ಲೋಟ್ ಇಲ್ಲದೆ ಒತ್ತಡದಿಂದಲೇ ಇಂಧನವನ್ನು ನಿಯಂತ್ರಿಸುವ ಬೆಂಡಿಕ್ಸ್ ಕಾರ್ಬ್ಯುರೇಟರುಗಳು ಬಳಕೆಗೆ ಬಂದು ಪೂರ್ಣ ಪರಿಹಾರ ದೊರೆಯಿತು. ಅಲ್ಲಿಯವರೆಗಿನ ನಿರ್ಣಾಯಕ ಅವಧಿಯಲ್ಲಿ ಶಿಲ್ಲಿಂಗ್ ಅವರ ವಾಷರ್ ಬಳಕೆಯಲ್ಲಿತ್ತು.

ವೈಯಕ್ತಿಕ ಜೀವನ

1938ರಲ್ಲಿ ಶಿಲ್ಲಿಂಗ್ ಅವರು ಜಾರ್ಜ್ ನೇಲರ್ ಅವರನ್ನು ವಿವಾಹವಾದರು. ನೇಲರ್ ಕೂಡ ಫಾರ್ನ್‌ಬರೋ ಸಂಸ್ಥೆಯಲ್ಲಿ ಎಂಜಿನಿಯರ್ ಆಗಿದ್ದು, ಮೋಟಾರ್‌ಸೈಕಲ್ ಓಟಗಳಲ್ಲಿ ಪಾಲ್ಗೊಳ್ಳುತ್ತಿದ್ದರು. ನೇಲರ್ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಚಿನ್ನದ ನಕ್ಷತ್ರ ಪಡೆಯುವವರೆಗೂ ಮದುವೆಗೆ ಒಪ್ಪುವುದಿಲ್ಲವೆಂದು ಶಿಲ್ಲಿಂಗ್ ಅವರು ಷರತ್ತು ವಿಧಿಸಿದ್ದರೆಂಬ ಕಥೆ ಪ್ರಸಿದ್ಧವಾಗಿದೆ. ಅದು ಎಷ್ಟರಮಟ್ಟಿಗೆ ನಿಜವಾಗಿದ್ದರೂ ನೇಲರ್ ಆ ಪದಕವನ್ನು ಪಡೆದದ್ದು ವಾಸ್ತವ. ಯುದ್ಧದ ಸಮಯದಲ್ಲಿ ನೇಲರ್ ವಾಯುಪಡೆಯನ್ನು ಸೇರಿ ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳ ಪೈಲಟ್ ಆಗಿ ಕಾರ್ಯನಿರ್ವಹಿಸಿದರು. ಆ ವಿಮಾನಗಳಲ್ಲಿ ಬಹುಪಾಲು ಮರ್ಲಿನ್ ಎಂಜಿನ್ನುಗಳಿಂದಲೇ ಚಾಲಿತವಾಗಿದ್ದವು.

ಯುದ್ಧಾನಂತರದ ಕಾರ್ಯ

ಯುದ್ಧದ ನಂತರವೂ ಶಿಲ್ಲಿಂಗ್ ಅವರು ಫಾರ್ನ್‌ಬರೋ ಸಂಸ್ಥೆಯಲ್ಲಿಯೇ ಮುಂದುವರಿದು ಹಿರಿಯ ಹುದ್ದೆಗೇರಿದರು. ಬ್ಲೂ ಸ್ಟ್ರೀಕ್ ಕ್ಷಿಪಣಿ ಯೋಜನೆಯಲ್ಲಿ ಕೆಲಸ ಮಾಡಿದರು. ಮಳೆಯಿಂದ ಒದ್ದೆಯಾದ ರನ್‌ವೇಯ ಮೇಲೆ ವಿಮಾನಗಳ ಬ್ರೇಕುಗಳು ಹೇಗೆ ವರ್ತಿಸುತ್ತವೆ ಎಂಬ ಕುರಿತೂ ಸಂಶೋಧನೆ ನಡೆಸಿದರು. ಗಾಲಿ ಮತ್ತು ನೆಲದ ನಡುವೆ ನೀರಿನ ಪದರ ಉಳಿದರೆ ಬ್ರೇಕಿನ ಹಿಡಿತ ತಪ್ಪುವುದರಿಂದ ಈ ಅಧ್ಯಯನ ನಾಗರಿಕ ವಿಮಾನಯಾನಕ್ಕೂ ಮಹತ್ವದ್ದಾಗಿತ್ತು. ಅವರು 1969ರಲ್ಲಿ ಸೇವೆಯಿಂದ ನಿವೃತ್ತರಾದರು.

ಕಾರು ಓಟಗಳು

ಯುದ್ಧಾನಂತರ ಶಿಲ್ಲಿಂಗ್ ಮತ್ತು ನೇಲರ್ ದಂಪತಿಗಳು ಮೋಟಾರ್‌ಸೈಕಲ್ಲುಗಳನ್ನು ಬಿಟ್ಟು ಕಾರು ಓಟದತ್ತ ಹೊರಳಿದರು. ಮನೆಯಲ್ಲಿಯೇ ಸುಸಜ್ಜಿತ ಕಾರ್ಯಾಗಾರವೊಂದನ್ನು ಇರಿಸಿಕೊಂಡು ತಮ್ಮ ಕಾರುಗಳನ್ನು ತಾವೇ ಬಿಚ್ಚಿ, ಮಾರ್ಪಡಿಸಿ, ಓಟಕ್ಕೆ ಸಿದ್ಧಪಡಿಸುತ್ತಿದ್ದರು. ಅವರು ಓಡಿಸಿದ ಕಾರುಗಳಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಮುಖ್ಯವಾದುದು.

ಸ್ಪ್ರೈಟ್‌ನ ಮೂಲ ಮಾದರಿಯಲ್ಲಿ 948 ಸಿ.ಸಿ. ಸಾಮರ್ಥ್ಯದ ನಾಲ್ಕು ಸಿಲಿಂಡರುಗಳ ಎಂಜಿನ್ನಿದ್ದು, ಅದಕ್ಕೆ ಎಸ್‌ಯು ಕಂಪನಿಯ ಎರಡು ಕಾರ್ಬ್ಯುರೇಟರುಗಳಿದ್ದವು. ಮರ್ಲಿನ್‌ನ ಕಾರ್ಬ್ಯುರೇಟರನ್ನು ತಯಾರಿಸಿದ್ದೂ ಇದೇ ಕಂಪನಿ. ಆದರೆ ಕಾರಿನದರ ರಚನೆ ಭಿನ್ನವಾದುದು. ಇದರಲ್ಲಿ ಗಾಳಿಯ ಹರಿವಿಗೆ ತಕ್ಕಂತೆ ಪಿಸ್ಟನ್ ಒಂದು ಮೇಲೇರುತ್ತದೆ. ಅದಕ್ಕೆ ಜೋಡಿಸಿದ, ತುದಿಯತ್ತ ಸಪೂರವಾಗುವ ಸೂಜಿ ಜೆಟ್ಟಿನಿಂದ ಮೇಲೆದ್ದಷ್ಟೂ ಹೆಚ್ಚು ಪೆಟ್ರೋಲ್ ಹೊರಬರುತ್ತದೆ.

ಇಂತಹ ಜೋಡಿ ಕಾರ್ಬ್ಯುರೇಟರುಗಳ ಟ್ಯೂನಿಂಗ್‌ಗೆ ನಿರ್ದಿಷ್ಟ ಕ್ರಮವಿದೆ. ವಾಲ್ವುಗಳ ಅಂತರ ಮತ್ತು ಕಿಡಿಯ ಸಮಯ ಸರಿಯಿವೆಯೆಂದು ಖಚಿತಪಡಿಸಿಕೊಂಡ ನಂತರವೇ ಕಾರ್ಬ್ಯುರೇಟರಿಗೆ ಕೈಹಾಕಲಾಗುತ್ತದೆ. ಇಲ್ಲವಾದರೆ ಬೇರೆಡೆಯ ದೋಷವನ್ನು ಇಂಧನದಿಂದ ಸರಿದೂಗಿಸಿದಂತಾಗುತ್ತದೆ. ಮೊದಲು ಎಂಜಿನ್ ಬಿಸಿಯಾದ ಮೇಲೆ ಎರಡೂ ಕಾರ್ಬ್ಯುರೇಟರುಗಳು ಸಮನಾಗಿ ಗಾಳಿಯನ್ನು ಎಳೆದುಕೊಳ್ಳುವಂತೆ ಥ್ರಾಟಲ್‌ಗಳನ್ನು ಹೊಂದಿಸಬೇಕು. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದು, ಗಾಳಿಯ ಸುಯ್ಲು ಎರಡರಲ್ಲಿಯೂ ಒಂದೇ ತೆರನಾಗಿದೆಯೇ ಎಂದು ಆಲಿಸುವುದು ಹಳೆಯ ವಿಧಾನ. ಅನಂತರ ಜೆಟ್ಟಿನ ಕೆಳಗಿರುವ ನಟ್ಟನ್ನು ತಿರುಗಿಸಿ ಮಿಶ್ರಣವನ್ನು ಸರಿಪಡಿಸಲಾಗುತ್ತದೆ. ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿದಾಗ ಎಂಜಿನ್ನಿನ ವೇಗ ಏರಿ ಹಾಗೆಯೇ ಉಳಿದರೆ ಇಂಧನ ಹೆಚ್ಚಾಗಿದೆ. ಎಂಜಿನ್ ನಿಲ್ಲುವಂತಾದರೆ ಕಡಿಮೆಯಾಗಿದೆ. ಕ್ಷಣಕಾಲ ತುಸು ಏರಿ ಮತ್ತೆ ಸ್ಥಿಮಿತಕ್ಕೆ ಬಂದರೆ ಸರಿಯಾಗಿದೆ. ಸ್ಪಾರ್ಕ್ ಪ್ಲಗ್ಗಿನ ತುದಿಯ ಬಣ್ಣವೂ ಸೂಚನೆ ನೀಡುತ್ತದೆ. ಮಸಿಗಪ್ಪು ಇಂಧನ ಹೆಚ್ಚಿರುವುದನ್ನೂ, ಬೂದಿಬಿಳುಪು ಕಡಿಮೆಯಿರುವುದನ್ನೂ, ತಿಳಿಕಂದು ಸರಿಯಾದ ಮಿಶ್ರಣವನ್ನೂ ತೋರಿಸುತ್ತದೆ.

ಓಟದ ಕಾರು ತಿರುವಿನಲ್ಲಿ ವೇಗವಾಗಿ ಸಾಗುವಾಗ ಫ್ಲೋಟ್ ಚೇಂಬರಿನ ಪೆಟ್ರೋಲ್ ಒಂದು ಬದಿಗೆ ಸರಿದು ಎಂಜಿನ್ ತಡವರಿಸುವುದುಂಟು. ಮರ್ಲಿನ್ ಎಂಜಿನ್ನನ್ನು ಕಾಡಿದ ದೋಷದ ಸೌಮ್ಯ ರೂಪವೇ ಇದು. ಅಲ್ಲಿ ಪೆಟ್ರೋಲ್ ಮೇಲಕ್ಕೆ ಹೋದರೆ ಇಲ್ಲಿ ಪಕ್ಕಕ್ಕೆ ಹೋಗುತ್ತದೆ.

ಎಂಜಿನ್ನುಗಳ ವಿಷಯದಲ್ಲಿ ಶಿಲ್ಲಿಂಗ್ ಅವರ ಪರಿಣತಿ ಓಟಗಾರರ ವಲಯದಲ್ಲಿ ಪರಿಚಿತವಾಗಿತ್ತು. 1967ರಲ್ಲಿ ಅಮೆರಿಕದ ಓಟಗಾರ ಡ್ಯಾನ್ ಗರ್ನಿ ಅವರ ಈಗಲ್ ಫಾರ್ಮುಲಾ ಒನ್ ಕಾರಿನ ಎಂಜಿನ್ ಅತಿಯಾಗಿ ಬಿಸಿಯಾಗುವ ಸಮಸ್ಯೆ ತಲೆದೋರಿದಾಗ ಅವರ ನೆರವನ್ನು ಕೋರಲಾಯಿತು.

ಗೌರವಗಳು ಮತ್ತು ಸ್ಮರಣೆ

ಯುದ್ಧಕಾಲದ ಸೇವೆಗಾಗಿ ಬ್ರಿಟಿಷ್ ಸರ್ಕಾರವು ಶಿಲ್ಲಿಂಗ್ ಅವರಿಗೆ ಆರ್ಡರ್ ಆಫ್ ದ ಬ್ರಿಟಿಷ್ ಎಂಪೈರ್ ಗೌರವವನ್ನು ನೀಡಿತು. 1969ರಲ್ಲಿ ಸರ್ರೆ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪ್ರದಾನ ಮಾಡಿತು. ಮಹಿಳಾ ಎಂಜಿನಿಯರಿಂಗ್ ಸಂಘದ ಸದಸ್ಯೆಯಾಗಿಯೂ ಅವರು ಗುರುತಿಸಿಕೊಂಡಿದ್ದರು. ಅವರು 1990ರ ನವೆಂಬರ್ 18ರಂದು ನಿಧನರಾದರು.

ಜೀವಿತಕಾಲದಲ್ಲಿ ಅವರ ಹೆಸರು ವೈಮಾನಿಕ ಕ್ಷೇತ್ರದಾಚೆಗೆ ಹೆಚ್ಚು ಪ್ರಚಾರ ಪಡೆದಿರಲಿಲ್ಲ. 2003ರಲ್ಲಿ ಮ್ಯಾಥ್ಯೂ ಫ್ರಾಯ್ಡನ್‌ಬರ್ಗ್ ಬರೆದ ನೆಗೆಟಿವ್ ಗ್ರಾವಿಟಿ ಎಂಬ ಜೀವನಚರಿತ್ರೆ ಪ್ರಕಟವಾದ ಬಳಿಕ ಅವರ ಕುರಿತ ಆಸಕ್ತಿ ಹೆಚ್ಚಿತು. ಫಾರ್ನ್‌ಬರೋದ ಪಾನಗೃಹವೊಂದಕ್ಕೆ ಟಿಲ್ಲಿ ಶಿಲ್ಲಿಂಗ್ ಎಂಬ ಹೆಸರಿಡಲಾಗಿದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಧ್ಯಯನಕ್ಕಾಗಿ ನಿರ್ಮಿಸಿದ ಕಟ್ಟಡಕ್ಕೂ ಅವರ ಹೆಸರಿದೆ. ಅವರ ಪದಕಗಳು ಮತ್ತು ಓಟಗಳಲ್ಲಿ ಗೆದ್ದ ಟ್ರೋಫಿಗಳು ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿವೆ.